ಮಾವನವರಿಗೆ ಬಿದ್ದ ಲೈಕುಗಳು

ಈ ವರ್ಷ ಮುಗಿಯುವುದರೊಳಗೆ ನನ್ನ ಫೋಟೋ ನೋಡಿ ಮೂರು ತಾಲ್ಲೂಕುಗಳು ಬೆರಗಾಗದಿದ್ದರೆ ನನ್ನ ಹೆಸರು ಶಿವಪ್ರಸಾದನೇ ಅಲ್ಲ! ಹೀಗೆಂದು ನಾನು ಘೋಷಿಸಿದ್ದು ಊಟದ ತಟ್ಟೆಯ ಮುಂದೆ ಕುಳಿತು. ರೊಟ್ಟಿ ಬಡಿಸುತ್ತಿದ್ದ ನನ್ನ ಹೆಂಡತಿ ದಾನೇಶ್ವರಿ ಮಾತ್ರ ಬೆರಗಾಗಲಿಲ್ಲ.

"ಹೆಸರು ಏನರೆ ಇಟ್ಕೋರಿ. ಮೊನ್ನಿ ಮನಿ ಶಾಂತಿಯೊಳಗ ನೀವು ತಗದ ಫೋಟೋದಾಗ ನಮ್ಮಕ್ಕಗ ತಲೀನ ಇಲ್ಲ. ಮೊದಲ ಅದನ್ನ ಹುಡುಕಿ ಕೊಡ್ರಿ."

"ಅದು ಕಲೆ!"

"ಕಲೆ ಅಲ್ರಿ, ಕೊಲೆ!"

ಸಿಂಧನೂರಿನಲ್ಲಿ ಪೆನ್ನು, ನೋಟುಪುಸ್ತಕ ಮಾರುವ ನನಗೆ ಭಾನುವಾರ ಬಂತೆಂದರೆ ಅಂಗಡಿಯ ನೆನಪೇ ಇರುವುದಿಲ್ಲ. ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕೊರಳಿಗೆ ನೇತುಹಾಕಿಕೊಂಡು, ದಾನೇಶ್ವರಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ದೇಶ ಸುತ್ತಲು ಹೊರಡುತ್ತೇನೆ. ನನ್ನ ದೇಶ ಪೂರ್ವಕ್ಕೆ ಸಿಂಧನೂರಿನಿಂದ ಶುರುವಾಗಿ ಪಶ್ಚಿಮಕ್ಕೆ ಲಿಂಗಸುಗೂರಿನ ಆಚೆ ಮುಗಿಯುತ್ತದೆ. ತೆಗೆದ ಫೋಟೋಗಳನ್ನೆಲ್ಲ ಫೇಸ್‌ಬುಕ್ಕಿನ 'ಬೆಳಕು ಬಳಗ'ಕ್ಕೆ ಹಾಕುತ್ತೇನೆ. ಅಲ್ಲಿರುವವರೆಲ್ಲ ಸುತ್ತಲಿನ ಫೋಟೋಗ್ರಾಫರುಗಳು. ಒಬ್ಬರ ಫೋಟೋಕ್ಕೆ ಇನ್ನೊಬ್ಬರು ಅಭಿಪ್ರಾಯ ಬರೆಯಬೇಕು ಎಂಬುದು ಬಳಗದ ನಿಯಮ. ಛಾಯಾಗ್ರಹಣ ಎಂದರೆ ಛಾಯೆ ನಮ್ಮ ಕೈಗೆ ಸಿಗುತ್ತದೆ ಎಂದುಕೊಂಡಿದ್ದೆ. ನನಗೆ ಸಿಕ್ಕಿದ್ದು ಬರೀ ಗ್ರಹಣ!

ಬಳಗದ ಯಜಮಾನರು ಲಿಂಗಸುಗೂರಿನ ಬಂದೇಸಾಬರು. ಸ್ಟುಡಿಯೋದಲ್ಲೇ ಕೂದಲು ನರೆಸಿಕೊಂಡವರು. ಅವರು ಮೆಚ್ಚಿದ ಫೋಟೋ ಬಳಗದ ಮುಖಪುಟಕ್ಕೆ ಏರುತ್ತದೆ. ಮೆಚ್ಚದಿದ್ದರೆ ಹಾಕಿದವನ ಮಾನ ಕೆಳಕ್ಕಿಳಿಯುತ್ತದೆ. ಮಸ್ಕಿಯ ಬೆಟ್ಟದ ಫೋಟೋ ಹಾಕಿದಾಗ, "ಗುಡ್ಡ ಬಲಕ್ಕ ವಾಲೈತಿ. ವಾಲಿದ್ದು ಗುಡ್ಡೋ ನೀವೋ?" ಎಂದು ಬರೆದರು. ಜಲದುರ್ಗದ ಕೋಟೆಯ ಮೇಲಿಂದ ಕೃಷ್ಣಾ ನದಿಯನ್ನು ತೆಗೆದು ಹಾಕಿದೆ. "ಹೊಳಿ ಫೋಟೋದಿಂದ ಹೊರಗ ಚೆಲ್ಲಾಕತ್ತೈತಿ, ಕೆಳಗೊಂದು ಬಕೀಟ ಇಡ್ರಿ" ಎಂದರು. ಮುದಗಲ್ಲಿನ ಕೋಟೆಬಾಗಿಲ ಮುಂದಿನ ಮಬ್ಬುಗತ್ತಲೆಯನ್ನು ಮಾತ್ರ ಮೆಚ್ಚಿಯೇ ಮೆಚ್ಚುತ್ತಾರೆಂದು ನಂಬಿದ್ದೆ. ಮಸ್ಕಿಯ ಶಾಲೆಯೊಂದರ ಟೀಚರು ನಗ್ಮಾ ಅದನ್ನು ದೊಡ್ಡದು ಮಾಡಿ ನೋಡಿ, "ಸರ್, ಅದು ನಿಮ್ಮ ಹೆಬ್ಬಟ್ಟು ಐತ್ರಿ" ಎಂದು ಅತ್ಯಂತ ವಿನಯದಿಂದ ತಿಳಿಸಿದಳು.

ಹೀಗಿರುವಾಗ ಒಂದು ಸಂಜೆ ದಢೇಸುಗೂರಿಗೆ ಹೋದೆವು. ಅದು ದಾನೇಶ್ವರಿಯ ತವರು. ಭತ್ತ ತೆನೆ ಬಿಟ್ಟು ನಿಂತಿತ್ತು. ನನ್ನ ಮಾವ ಕರಿಬಸಯ್ಯನವರು ಗದ್ದೆಯ ನಡುವೆ ನಿಂತಿದ್ದರು. ಹಿಂದೆ ಮುಳುಗುವ ಸೂರ್ಯ, ತಲೆಯ ಮೇಲೆ ದೊಡ್ಡ ರುಮಾಲು, ಅಗಲಿಸಿದ ಎರಡೂ ತೋಳುಗಳಿಂದ ಇಳಿಬಿದ್ದ ಶಲ್ಯ. ಮುಖ ಮೈ ಎಲ್ಲ ಕಪ್ಪು ನೆರಳು! ಅವರು ಏನೋ ಕೂಗುತ್ತಿದ್ದರು. ಕಲಾವಿದನ ಕಿವಿಗೆ ಅದೆಲ್ಲ ಕೇಳಿಸುತ್ತದೆಯೇ? ಕ್ಲಿಕ್ಕಿಸಿದೆ. ಮರುಗಳಿಗೆ ಮೊಣಕಾಲವರೆಗೆ ಕೆಸರಿನಲ್ಲಿ ಹೂತುಹೋದೆ. "ಬದು ಹಸಿ ಐತಿ, ಕಾಲ ಇಡಬ್ಯಾಡ್ರಿ ಅಳಿಯಾರ!" ಎಂದು ಅವರು ಕೂಗಿದ್ದರಂತೆ.

ಆ ಫೋಟೋಕ್ಕೆ 'ಹಸಿರಿನ ಮೌನ ಕಾವಲುಗಾರ' ಎಂಬ ಘನವಾದ ಶೀರ್ಷಿಕೆ ಕೊಟ್ಟು, ಕೆಳಗೆ ಊರಿನ ಹೆಸರನ್ನೂ ಸೇರಿಸಿ ಬಳಗಕ್ಕೆ ಹಾಕಿದೆ. ಲೈಕುಗಳು ಸುರಿಯತೊಡಗಿದವು! ನಗ್ಮಾ ಬರೆದಳು: "ಇಂಥಾ ಬೆದರಗೊಂಬಿ ಈಗ ಎಲ್ಲೂ ಕಾಣಂಗಿಲ್ಲ ಸರ್. ಯಾರು ಮಾಡಿದ್ದು?" ಉತ್ತರ ಬರೆಯಲು ಹೊರಟೆ. ಅಷ್ಟರಲ್ಲಿ ಬಂದೇಸಾಬರು: "ಶಹಬ್ಬಾಸ್! ಒಳಗ ಹುಲ್ಲು ತುಂಬಿದ್ರೂ ಹೊಟ್ಟಿ ಎಷ್ಟು ಸಹಜ ಬಂದೈತಿ! ಇದು ಮುಖಪುಟಕ್ಕ."

'ಅದು ನಮ್ಮ ಮಾವ' ಎಂದು ಟೈಪು ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಮುಖಪುಟ ಕಣ್ಣ ಮುಂದೆ ಕುಣಿಯಿತು. ಮತ್ತೆ ಅಳಿಸಿ ಹೀಗೆ ಬರೆದೆ: "ಧನ್ಯವಾದಗಳು. ನಮ್ಮ ಮನೆಯದೇ. ಬಹಳ ಹಳೆಯದು." ಇದರಲ್ಲಿ ಒಂದಾದರೂ ಸುಳ್ಳಿದ್ದರೆ ಹೇಳಿ!

ದಾನೇಶ್ವರಿಯ ಕೈಗೆ ನನ್ನ ಮೊಬೈಲು ಸಿಕ್ಕಿತು. ಶೀರ್ಷಿಕೆ ಓದಿ, "ಮೌನ? ನಮ್ಮಪ್ಪ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಮೆಂಟು ಓದಿದ ಮೇಲೆ ನಗು ನಿಂತಿತು.

"ನಮ್ಮಪ್ಪ ನಿಮಗ ಬೆದರಗೊಂಬಿ ಆದನೇನ್ರಿ?"

"ನಾ ಎಲ್ಲಿ ಅಂದೀನಿ? ಅವರು ಅಂದಾರ."

"ನೀವು ಥ್ಯಾಂಕ್ಸ್ ಹೇಳೀರಲ್ಲ! ಐತವಾರದೊಳಗ ಅದು ನಮ್ಮ ಮಾವ ಅಂತ ಬರೀಬೇಕು. ಇಲ್ಲಂದ್ರ ಅಪ್ಪಗ ನಾನs ಹೇಳತೀನಿ."

ನನಗೆ ನಿಜಕ್ಕೂ ಭಯವಾಯಿತು. ಕರಿಬಸಯ್ಯನವರೆಂದರೆ ಅಂತಿಂಥವರಲ್ಲ. ಎದುರಿಗೆ ಬಂದವರು ಚಪ್ಪಲಿ ಬಿಟ್ಟು ಅವರ ಕಾಲು ಮುಟ್ಟಿ ಮುಂದೆ ಹೋಗುತ್ತಾರೆ. ಕಾಲುವೆ ನೀರಿನ ಜಗಳ ಅವರು ಒಮ್ಮೆ ಕೆಮ್ಮಿದರೆ ತಣ್ಣಗಾಗುತ್ತದೆ. ಅಂಥವರ ಹೊಟ್ಟೆಯಲ್ಲಿ ಹುಲ್ಲಿದೆ ಎಂದು ಮೂರು ತಾಲ್ಲೂಕು ನಂಬಿದೆ, ಅಳಿಯ ಅದಕ್ಕೆ ಧನ್ಯವಾದ ಹೇಳಿದ್ದಾನೆ ಎಂದು ಗೊತ್ತಾದರೆ ಆ ಮನೆಯ ಹೊಸ್ತಿಲನ್ನು ನಾನು ಮತ್ತೆ ತುಳಿಯುವುದುಂಟೆ?

ಬರೆದುಬಿಡೋಣವೆಂದು ಮೊಬೈಲು ತೆರೆದೆ. ಬಂದೇಸಾಬರ ಪ್ರಕಟಣೆ ಕಾದಿತ್ತು: "ಐತವಾರ ಸಂಜಿಮುಂದ ಇಡೀ ಬಳಗ ದಢೇಸುಗೂರಿಗೆ. ಬೆದರಗೊಂಬಿನ ಎಲ್ಲಾ ದಿಕ್ಕಿಂದ ತಗಿಯೂಣ." "ಕಟಾವು ಮುಗಿದಿದೆ, ಗೊಂಬೆ ಕಿತ್ತಿದ್ದೇವೆ" ಎಂದು ಬರೆದೆ. ನಗ್ಮಾ ತಕ್ಷಣ, "ನಿನ್ನೀನ ಆ ಕಡಿಂದ ಬಂದೀನಿ ಸರ್. ಭತ್ತ ಇನ್ನಾ ಹಸಿರದಾವು" ಎಂದಳು. ಈ ಹುಡುಗಿಗೆ ಶಾಲೆಯಲ್ಲಿ ಕೆಲಸವೇ ಇರುವುದಿಲ್ಲವೇ?

ಆಗ ದಾನೇಶ್ವರಿಯ ಬಾಯಿಂದಲೇ ಅಮೃತವಾಣಿ ಹೊರಟಿತು. ಭಾನುವಾರ ಮಾವನವರು ಮುಕ್ಕುಂದಕ್ಕೆ ಮದುವೆಗೆ ಹೋಗುತ್ತಾರಂತೆ! ತಲೆಯಲ್ಲಿ ದೀಪ ಹೊತ್ತಿತು. ಅವರಿಲ್ಲದ ಹೊಲದಲ್ಲಿ ನಿಜವಾದ ಬೆದರುಗೊಂಬೆಯನ್ನೇ ನಿಲ್ಲಿಸಿದರೆ? ಬಳಗ ಬಂದು ಫೋಟೋ ತೆಗೆದುಕೊಂಡು ಹೋದ ಮೇಲೆ ಯಾವ ಸುಳ್ಳೂ ಸುಳ್ಳಾಗಿ ಉಳಿಯುವುದಿಲ್ಲ!

ಭಾನುವಾರ ಬೆಳಿಗ್ಗೆ ದಾನೇಶ್ವರಿಯನ್ನು ತವರಿನಲ್ಲಿ ಇಳಿಸಿ, ಮಾವನವರು ಆಗಲೇ ಮದುವೆಗೆ ಹೊರಟುಹೋಗಿದ್ದಾರೆಂದುಕೊಂಡು, ಅವಳು ಹಿತ್ತಲಿಗೆ ಹೋದಾಗ, ಪಡಸಾಲೆಯ ಗೂಟಕ್ಕೆ ನೇತುಹಾಕಿದ್ದ ರುಮಾಲು, ಶಲ್ಯ ಎತ್ತಿಕೊಂಡು ಗದ್ದೆಗೆ ಓಡಿದೆ. ಎರಡು ಬಿದಿರು ಕಟ್ಟಿದೆ. ತಲೆಗೆ ಮಡಕೆ ಇಟ್ಟೆ. ಗೊಬ್ಬರದ ಚೀಲಕ್ಕೆ ಹುಲ್ಲು ತುರುಕಿ ಹೊಟ್ಟೆ ಮಾಡಿದೆ. ರುಮಾಲು ಸುತ್ತಿ, ಶಲ್ಯ ಹೊದಿಸಿ, ಹಿಂದೆ ಸರಿದು ನೋಡಿದೆ. ನನ್ನ ಕಣ್ಣಿಗೆ ಸಾಕ್ಷಾತ್ ಮಾವನೇ!

ಸಂಜೆ ಬಳಗ ಬಂತು. ಬಂದೇಸಾಬರು ಗೊಂಬೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕ್ಯಾಮೆರಾ ಎತ್ತಿದರು, ಇಳಿಸಿದರು.

"ಇದೇನ್ರಿ ಶಿವಪ್ರಸಾದ? ಫೋಟೋದಾಗ ಜೀವ ಇತ್ತು. ಇದು ಜಡ್ಡು ಬಿದ್ದು ಎದ್ದಂಗ ಐತಿ."

"ಗಾಳಿಗೆ ಸ್ವಲ್ಪ..." ಎಂದು ತೊದಲಿದೆ.

"ಸರ್, ಹೊಟ್ಟಿ ಮೊಣಕಾಲಿಗೆ ಇಳದೈತ್ರಿ" ಎಂದಳು ನಗ್ಮಾ.

ಅಷ್ಟರಲ್ಲಿ ಬದುವಿನ ಕಡೆಯಿಂದ ಗುಡುಗಿದಂತಾಯಿತು: "ನನ್ನ ರುಮಾಲಾ!"

ಮಾವನವರು! ಮದುವೆಗೆಂದೇ ಒಗೆಸಿ ಇಟ್ಟಿದ್ದ ರುಮಾಲು ಕಾಣದೆ, ಬರಿದಲೆಯಲ್ಲಿ ಮದುವೆಗೆ ಹೋಗಲಾಗದೆ, ದಿನವಿಡೀ ಮನೆಯ ಪೆಟ್ಟಿಗೆ ಮೂಲೆಗಳನ್ನೆಲ್ಲ ಜಾಲಾಡಿ ಬಂದಿದ್ದರು. ಈಗ ಅದು ಮಡಕೆಯ ಮೇಲೆ ಕಂಡಿತ್ತು. ಸಿಟ್ಟಿಗೆ ಎರಡೂ ತೋಳು ಅಗಲವಾದವು. ಹಿಂದೆ ಅದೇ ಸೂರ್ಯ.

"ಅದs! ಅಲ್ಲಿ ನೋಡ್ರಿ, ಅದs ಬೊಂಬಿ! ಯಾರೂ ಅಳ್ಳಾಡಬ್ಯಾಡ್ರಿ!" ಎಂದು ಬಂದೇಸಾಬರು ಕೂಗಿದರು. ಎಲ್ಲ ಕ್ಯಾಮೆರಾಗಳೂ ಅತ್ತ ತಿರುಗಿ ಪಟಪಟನೆ ಹೊಡೆದುಕೊಂಡವು.

"ಸರ್, ಅದು ನಡಿಯಾಕತ್ತೈತ್ರಿ!" ಎಂದು ನಗ್ಮಾ ಕಿರುಚಿದಳು.

ನಡೆದೇ ಬಂತು. ಹತ್ತಿರ ಬಂದು, "ಯಾರು ನೀವೆಲ್ಲ?" ಎಂದು ಕೇಳಿತು. ಹಿಂದೆಯೇ ದಾನೇಶ್ವರಿ ಬಂದಳು. ಇನ್ನು ಮುಚ್ಚಿಡಲು ಏನಿತ್ತು? ಎಲ್ಲವನ್ನೂ ಒದರಿಬಿಟ್ಟೆ. ಹೇಳುತ್ತಾ ಹೇಳುತ್ತಾ ನಾಚಿಕೆಯಿಂದ ಕುಗ್ಗಿಹೋದೆ. "ಲೈಕಿನ ಆಸೆಗೆ ಬಿದ್ದೆ, ತಪ್ಪಾತ್ರಿ ಮಾವಾರ" ಎಂದು ಕೈಮುಗಿದೆ. ಬಂದೇಸಾಬರು ಟೋಪಿ ತೆಗೆದು, "ಮಾಫ್ ಮಾಡ್ರಿ ಅಯ್ಯಾರ. ಮನಶ್ಯಾ ಅಂತ ಗೊತ್ತಾಗಲಿಲ್ಲ" ಎಂದರು. ಇದು ಗಾಯಕ್ಕೆ ಉಪ್ಪಾಯಿತು.

ಮಾವನವರು ಮಡಕೆಯ ಮೇಲಿನ ರುಮಾಲು ಬಿಚ್ಚಿ, ಹುಲ್ಲು ಜಾಡಿಸಿ, ತಲೆಗೆ ಸುತ್ತಿಕೊಂಡರು. ಶಲ್ಯ ಎಳೆದುಕೊಂಡರು. ಗೊಂಬೆ ಕುಸಿಯಿತು. ಕೂಡಲೇ ಗುಬ್ಬಿಗಳ ಹಿಂಡೊಂದು ಬಂದು ತೆನೆಗಳ ಮೇಲೆ ಕುಳಿತಿತು.

"ಬೊಂಬಿ ಬಿತ್ತು. ಈಗ ಹೊಲ ಕಾಯೋರು ಯಾರು ಅಳಿಯಾರ?" ಎಂದು ಮೆಲ್ಲಗೆ ಕೇಳಿದರು. ಆ ಮೆಲುದನಿ ಕೆಮ್ಮಿಗಿಂತ ಭಯಂಕರವಾಗಿತ್ತು. "ಬರ್ರಿ, ಇಲ್ಲಿ ನಿಂದರ್ರಿ. ಕೈ ಅಗಲ ಮಾಡ್ರಿ."

ಮಾಡಿದೆ. ಮಾಡದೆ ಇರಲು ಧೈರ್ಯ ಯಾರಿಗಿದೆ? ಬಳಗ ನನ್ನ ಸುತ್ತ ನೆರೆಯಿತು. "ಗದ್ದ ಮ್ಯಾಲೆತ್ರಿ", "ನಗಬ್ಯಾಡ್ರಿ, ಬೊಂಬಿ ನಗಂಗಿಲ್ಲ" ಎಂದು ನಾಲ್ಕೂ ಕಡೆಯಿಂದ ಅಭಿಪ್ರಾಯಗಳು ಬಂದವು. ತೋಳು ನೋಯತೊಡಗಿತು. ಗುಬ್ಬಿಗಳು ಮಾತ್ರ ನಾನೊಬ್ಬ ಇದ್ದೇನೆಂಬ ಪರಿವೆಯೇ ಇಲ್ಲದೆ ಕಾಳು ತಿನ್ನುತ್ತಿದ್ದವು. ಒಂದಂತೂ ಹಾರಿ ಬಂದು ನನ್ನ ಮೊಣಕೈ ಮೇಲೆಯೇ ಕುಳಿತಿತು.

ಮಾವನವರಿಗೆ ಅಚ್ಚರಿಯಾಯಿತು. "ಏನಿದು ಅಳಿಯಾರ! ನಿಮ್ಮನ್ನ ನೋಡಿ ಒಂದು ಗುಬ್ಬಿ ಸುದ್ದಾ ಅಂಜವಲ್ಲದು?"

ಬದುವಿನ ಮೇಲೆ ಕುಳಿತಿದ್ದ ದಾನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

"ನೀ ಕೊಟ್ಟ ಮಗಳs ಇಷ್ಟು ವರ್ಷ ಅಂಜಿಲ್ಲಪಾ, ಗುಬ್ಬಿ ಏನ್ ಅಂಜತಾವ!"