ಅಜ್ಜಿ ಹೇಳದ ಊರಿನ ಹೆಸರು

ನನಗೆ ಎರಡು ದೌರ್ಬಲ್ಯಗಳಿವೆ. ಒಂದು, ಯಾರಾದರೂ ಬಾಯಿ ತೆರೆದರೆ ಏನು ಹೇಳಿದರು ಎನ್ನುವುದನ್ನು ಬಿಟ್ಟು ಹೇಗೆ ಹೇಳಿದರು ಎಂದು ಕಿವಿ ಕೊಡುವುದು. ಇನ್ನೊಂದು, ಹಾಗೆ ಕೇಳಿದ್ದನ್ನು ಪ್ರಬಂಧ ಮಾಡಿ ಯಾವುದಾದರೂ ವಿಚಾರ ಸಂಕಿರಣದಲ್ಲಿ ಓದಿಬಿಡುವುದು. ಇದಕ್ಕೆ ಭಾಷಾವಿಜ್ಞಾನ ಎನ್ನುತ್ತಾರೆ. ಬನಾರಸಿನ ವಿಶ್ವವಿದ್ಯಾಲಯವೊಂದರಲ್ಲಿ ಇದನ್ನೇ ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಹೆಸರುಗಳ ವಿಷಯದಲ್ಲಂತೂ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಇಲ್ಲಿ ನನ್ನ ಸ್ವಂತ ಹೆಸರೇ ಉಳಿದಿಲ್ಲ ಎನ್ನುವುದು ಬೇರೆ ಮಾತು. ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ಮನೆತನದ ಹೆಸರು ಕೇಳಿದ್ದರು. ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ. ಜಾಗ ಖಾಲಿ ಬಿಡಬಾರದಲ್ಲ ಎಂದು ಅಪ್ಪನ ಹೆಸರು ಬರೆದೆ. ಅಂದಿನಿಂದ, ತುಮಕೂರು ದಾಟಿ ಎಲ್ಲಿಗೂ ಹೋಗದ ನಮ್ಮಪ್ಪ ಇಲ್ಲಿ ಡಾಕ್ಟರ್ ನಂಜುಂಡಯ್ಯನವರಾಗಿ ಪಾಠ ಮಾಡುತ್ತಿದ್ದಾರೆ. ಪರೀಕ್ಷೆಯ ಮೇಲ್ವಿಚಾರಣೆಗೂ ಅವರೇ ಹೋಗುತ್ತಾರೆ.

ಊರಿನದೂ ಇದೇ ಕಥೆ. ರೈಲಿನ ಟಿಕೆಟ್ಟಿನಲ್ಲಿ ಅದು ವಾರಾಣಸಿ, ರಿಕ್ಷಾದವನ ಬಾಯಲ್ಲಿ ಬನಾರಸ್, ನಮ್ಮ ಕನ್ನಡದವರಿಗೆ ಕಾಶಿ. ಬನಾರಸ್ ಎಂದರೆ ಇಲ್ಲಿಯವರಿಗೆ ಬೆಳಗಿನ ಕಚೋರಿ, ಪಾನು, ಗಲ್ಲಿಯ ಹರಟೆ. ಕಾಶಿ ಎನ್ನಬೇಕಾದರೆ ನಮ್ಮ ಕಡೆ ದನಿ ತಗ್ಗಿಸುತ್ತಾರೆ. ಕೆಲಸ ಸಿಕ್ಕಿದ ಸುದ್ದಿ ಕೇಳಿದ ಅಮ್ಮ, "ಈ ವಯಸ್ಸಿಗೇ ಕಾಶಿಗೆ ಹೋಗೋ ಅಂಥದ್ದು ಏನಾಯ್ತೋ ನಿಂಗೆ?" ಎಂದು ಅತ್ತಳು. ಮದುವೆಯ ದಿನ ನಾನು ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟಾಗ ಮಾವನವರು ಅಡ್ಡಗಟ್ಟಿ, ಉಪಚಾರ ಮಾಡಿ, ವಾಪಸು ಕರೆತಂದಿದ್ದರು. ಎರಡು ವರ್ಷದ ಮೇಲೆ ನೇಮಕಾತಿ ಪತ್ರ ಹಿಡಿದು ನಿಜವಾಗಿಯೇ ಹೊರಟಾಗ ಅದೇ ಮಾವನವರು ಸ್ಟೇಷನ್ನಿಗೆ ಆಟೋ ಮಾಡಿಕೊಟ್ಟರು.

ಇಂಥ ಊರಿನಲ್ಲಿದ್ದುಕೊಂಡು ಅದರ ಹೆಸರುಗಳ ಮೇಲೆ ಪ್ರಬಂಧ ಬರೆಯದಿದ್ದರೆ ಆದೀತೇ? ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಯಾರು ಯಾವ ಹೆಸರು ಬಳಸುತ್ತಾರೆ ಎಂದು ಮನೆಮನೆ ತಿರುಗಿದೆ. ಇಲ್ಲೇ ಬೆಳೆದ ಮಕ್ಕಳು ಬನಾರಸ್ ಎನ್ನುತ್ತಿದ್ದರು, ಹಿರಿಯರು ಕಾಶಿ ಎನ್ನುತ್ತಿದ್ದರು. ಒಬ್ಬರು ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಅವರು ಜಂಗಮವಾಡಿಯ ಗಲ್ಲಿಯೊಂದರಲ್ಲಿ, ಹಳೆಯ ಛತ್ರದ ಕೋಣೆಯಲ್ಲಿದ್ದ ಅಜ್ಜಿ. ಗಂಡ ತೀರಿಕೊಂಡ ಮೇಲೆ, ಉಳಿದ ದಿನ ಇಲ್ಲೇ ಕಳೆಯುತ್ತೇನೆಂದು ಬಾಗಲಕೋಟೆ ಕಡೆಯ ಹಳ್ಳಿಯಿಂದ ಒಂದು ಟ್ರಂಕಿನೊಂದಿಗೆ ಬಂದವರು. ಭಾನುವಾರ ಹೋದರೆ ನನಗೆ ರೊಟ್ಟಿ ಬಡಿದುಕೊಡುತ್ತಿದ್ದರು. ಅವರಿಗೆ ಬರುತ್ತಿದ್ದ ಹಿಂದಿ ಎಂದರೆ ಬೆಲೆ ಕೇಳುವ 'ಕಿತನಾ' ಮತ್ತು ದಾರಿ ಬಿಡಿಸುವ 'ಹಟೋ'. ಹಾಗಿದ್ದರೂ ಆರು ವರ್ಷಗಳಲ್ಲಿ ಅವರ ಬಾಯಿಂದ ಕಾಶಿ ಎಂಬ ಮಾತು ಒಮ್ಮೆಯೂ ಬರಲಿಲ್ಲ. "ಈ ಬನಾರಸದಾಗ ಥಂಡಿ ಭಾಳ, ಮಾಸ್ತರ" ಎನ್ನುತ್ತಿದ್ದರು. ರೊಟ್ಟಿ ಅಗಿಯುತ್ತಲೇ ನಾನು ಪುಳಕಗೊಂಡೆ. ಅಕ್ಷರ ಬಾರದ ಮುದುಕಿಯ ನಾಲಿಗೆಯ ಮೇಲೂ ಸ್ಥಳೀಯ ನುಡಿ ಹೇಗೆ ವಿಜಯ ಸಾಧಿಸಿದೆ ಎಂದು ನಾಲ್ಕು ಪುಟ ಬರೆದು ಸಂಕಿರಣದಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಆ ಪ್ರಬಂಧದಲ್ಲಿ ಅಜ್ಜಿ 'ಮಾಹಿತಿದಾರರು - ನಾಲ್ಕು'.

ಹೀಗಿರುವಾಗ ಛತ್ರಕ್ಕೆ ಹೊಸ ಮ್ಯಾನೇಜರ್ ಬಂದ. ಆಗಷ್ಟೇ ಎಲ್ಲರ ಕೈಗೂ ಮೊಬೈಲು, ಎಲ್ಲ ಕಚೇರಿಗೂ ಕಂಪ್ಯೂಟರು ಬರುತ್ತಿದ್ದ ಕಾಲ. ಸರ್ಕಾರಿ ಗುರುತಿನ ಪತ್ರ ಇಲ್ಲದವರು ತಿಂಗಳ ಕೊನೆಗೆ ಕೋಣೆ ಬಿಡಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದ. ಅಜ್ಜಿ ಕಂಗಾಲಾದರು. "ಸಾಯಾಕಂತ ಬಂದಾಕಿಗೆ, ನೀ ಯಾರು ಅಂತ ಕಾಗದ ತಾ ಅಂತಾರಲ್ಲೋ ಮಾಸ್ತರ. ಈ ಖೋಲಿ ಹೋತಂದ್ರ ನಾ ಎಲ್ಲಿಗೆ ಹೋಗ್ಲಿ?" ಎಂದು ಕಣ್ಣೊರೆಸಿಕೊಂಡರು. ಮರುದಿನವೇ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಕಂಟೋನ್ಮೆಂಟ್ ಕಡೆಯ ಒಂದು ಕಚೇರಿಗೆ ಹೋದೆ. ಅರ್ಜಿಯ ಕೊನೆಯಲ್ಲಿ, ಅರ್ಜಿದಾರರನ್ನು ಬಲ್ಲ ಗಣ್ಯರೊಬ್ಬರು ಸಹಿ ಹಾಕಬೇಕಿತ್ತು. ಗಣ್ಯರು ಎಂದು ಓದಿದ್ದೇ ನನ್ನ ಪೆನ್ನು ತಾನಾಗಿ ಹೊರಬಂತು. 'ಇವರನ್ನು ಆರು ವರ್ಷಗಳಿಂದ ಚೆನ್ನಾಗಿ ಬಲ್ಲೆ' ಎಂದು ಹಿಂದಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಪದವಿಗಳನ್ನೆಲ್ಲ ಸೇರಿಸಿ ಸಹಿ ಹಾಕಿದೆ. ಮೇಲಿನದನ್ನು ತುಂಬಲು ಮಾತ್ರ ನನಗೆ ಬಿಡಲಿಲ್ಲ. ಹಿಂದೆ ಯಾರೋ ಸತ್ತವರ ಪರವಾಗಿಯೂ ಅರ್ಜಿ ತುಂಬಿದ್ದರಂತೆ. ಹಾಗಾಗಿ ಅರ್ಜಿದಾರರು ಸ್ವತಃ ಹೇಳಬೇಕು, ಕಿಟಕಿಯೊಳಗಿನ ಪಾಂಡೆ ಬಾಬು ಸ್ವತಃ ಬರೆಯಬೇಕು.

ಹೆಂಗಸರ ಅರ್ಜಿಯನ್ನು ಪಾಂಡೆ ಬಾಬು ಗಂಡನಿಂದಲೇ ಶುರು ಮಾಡುತ್ತಾನೆ. "ಪತಿ ಕಾ ನಾಮ್?" ಎಂದ.

"ಅಜ್ಜಿ, ಯಜಮಾನರ ಹೆಸರು ಕೇಳ್ತಿದ್ದಾರೆ" ಎಂದೆ.

"ಅಯ್ಯ ಶಿವನ! ಅವರ ಹೆಸರ ನಾ ಹ್ಯಾಂಗ ಹೇಳ್ಲಿ?" ಅಜ್ಜಿ ಸೆರಗು ಮುಖಕ್ಕೆಳೆದುಕೊಂಡರು.

ಬಾಬುವಿಗೆ ವಿವರಿಸಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವನ ಹೆಂಡತಿಯೂ ಇಪ್ಪತ್ತು ವರ್ಷದಿಂದ ಅವನನ್ನು 'ಗುಡ್ಡೂ ಕೇ ಪಾಪಾ' ಎಂದೇ ಕರೆಯುವುದಂತೆ. ಆದರೆ ಗುಡ್ಡೂವಿನ ಅಪ್ಪ ಎಂದು ಬರೆದುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ ಎಂದ. "ಹಾಗಾದರೆ ನಾನೇ ಹೇಳುತ್ತೇನೆ" ಎಂದು ಗತ್ತಿನಿಂದ ಮುಂದೆ ಬಾಗಿದೆ. ಆ ಹೆಸರು ನನಗೂ ಗೊತ್ತಿಲ್ಲ ಎನ್ನುವುದು ಬಾಗಿದ ಮೇಲೆ ಹೊಳೆಯಿತು.

ಅಜ್ಜಿ ಸೆರಗಿನ ಮರೆಯಿಂದಲೇ ಸುಳಿವು ಕೊಟ್ಟರು. "ವಯಸ್ಸಾದ ಮ್ಯಾಲ ಮಂದಿ ಎಲ್ಲಿಗೆ ಹೋಗ್ತೀನಿ ಅಂತಾರ? ಅದ ಅವರ ಹೆಸರು." ನಾನು "ಕೈಲಾಸ?" ಎಂದೆ. "ಅಷ್ಟ ದೂರ ಬ್ಯಾಡ" ಎಂದರು. ಬಾಬುವಿಗೆ ಅನುವಾದಿಸಿದ್ದೇ ತಡ, ಹಿಂದಿನ ಸಾಲಿಗೆ ಸಾಲೇ ಉತ್ಸಾಹದಿಂದ ಕೈಜೋಡಿಸಿತು. ಒಬ್ಬ ಭೋಲಾನಾಥ ಎಂದ. ಇನ್ನೊಬ್ಬ, ಆ ಹೆಸರಿನ ಸ್ಮಶಾನಘಾಟ್ ನೆನಪಾಗಿರಬೇಕು, ಹರಿಶ್ಚಂದ್ರ ಎಂದ. ಮೂರನೆಯವನು ಸೊಸೆಯ ಮನೆ ಎಂದ. ಬಾಬು ಗಡಿಯಾರ ನೋಡಿ, ಊಟದ ಹೊತ್ತಾಯಿತು, ಹೆಸರಿಲ್ಲದಿದ್ದರೆ ಅರ್ಜಿ ವಾಪಸು ಎಂದು ಪೆನ್ನಿಗೆ ಮುಚ್ಚಳ ಹಾಕಿದ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಅಜ್ಜಿ ಮುಚ್ಚಳವನ್ನೇ ನೋಡಿದರು. ಆಮೇಲೆ ನೆಟ್ಟಗೆ ನಿಂತು ಕಣ್ಣು ಮುಚ್ಚಿ, ಮದುವೆಯ ಹಂದರದಲ್ಲಿ ನಿಂತವರ ಹಾಗೆ ರಾಗವಾಗಿ ಹೇಳಿದರು:

"ಹಿತ್ತಲಾಗಿನ ಹೀರಿಬಳ್ಳಿ ಹಂಚಿನ ಮ್ಯಾಲ ಹಬ್ಬೈತಿ,
ಕಾಶಪ್ಪನವರ ಹೆಸರ ಹೇಳಾಕ ಮಾರಿ ಕೆಂಪಾಗೈತಿ."

ಸಾಲಿನಲ್ಲಿದ್ದವರು ಅರ್ಥವಾಗದೆಯೂ 'ವಾಹ್' ಎಂದರು. ಬಾಬು ಮುಚ್ಚಳ ತೆಗೆದು 'ಕಾಶಪ್ಪಾ' ಎಂದು ಬರೆದುಕೊಂಡ. "ನಮ್ಮ ಕಡೆ ಹೆಂಗಸ್ರು ಒಡಪಿನಾಗ ಇಟ್ಟ ಗಂಡನ ಹೆಸರ ಹೇಳೂದು" ಎಂದು ಅಜ್ಜಿ ಮುಖ ಒರೆಸಿಕೊಂಡರು. "ಮುಪ್ಪಿನ್ಯಾಗ ಮತ್ತ ಹೇಳಿಸಿದ್ರಲ್ಲೋ."

ನಾನು ಅಜ್ಜಿಯ ಹತ್ತಿರಕ್ಕೆ ಬಾಗಿದೆ. "ಅಂದರೆ ಅಜ್ಜಿ, ನೀವು ಈ ಊರನ್ನು ಬನಾರಸ್ ಅಂತಿದ್ದದ್ದು…"

"ಮತ್ತ? ಅವರ ಹೆಸರಿನ ಊರ ನಾ ಬಾಯಾಗ ಹ್ಯಾಂಗ ತರ್ಲಿ? ಪುಣ್ಯಾ ಬೇಕಂದ್ರ ನಮ್ಮ ಹೊಳಿಯಾಗೂ ಸಿಗತಿತ್ತು. ನಾ ಇಲ್ಲಿಗೇ ಯಾಕ ಬಂದೆ ಅಂತ ತಿಳದೀ?"

ಸ್ಥಳೀಯ ನುಡಿಯ ವಿಜಯದ ಬಗ್ಗೆ ನಾನು ಬರೆದಿದ್ದ ನಾಲ್ಕೂ ಪುಟಗಳು ಆ ಕಿಟಕಿಯ ಮುಂದೆ ನಿಂತ ನಿಲುವಿನಲ್ಲೇ ತೀರಿಕೊಂಡವು. ದಶಾಶ್ವಮೇಧ ಘಾಟಿಗೆ ಒಯ್ದು ಬಿಟ್ಟುಬರುವುದೊಂದು ಬಾಕಿ ಇತ್ತು. ಆರು ವರ್ಷ ಅವರ ರೊಟ್ಟಿ ತಿಂದು, ಅವರು ಹೇಳಿದ ಹೆಸರನ್ನು ಬರೆದುಕೊಂಡೆನೇ ಹೊರತು ಹೇಳದೇ ಇದ್ದ ಹೆಸರು ಯಾಕೆ ಹೇಳಲಿಲ್ಲ ಎಂದು ಒಂದು ಮಾತು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಬಾಬು ಮುಂದಿನ ಅಂಕಣಕ್ಕೆ ಬಂದಿದ್ದ. ಈಗ ಅವನಿಗೂ ಅವಸರ. "ಮಾತಾಜಿಯ ಹೆಸರನ್ನು ನೀವೇ ಹೇಳಿಬಿಡಿ ಪ್ರೊಫೆಸರ್ ಸಾಹೇಬ್, ಹೇಗೂ ಆರು ವರ್ಷದಿಂದ ಬಲ್ಲಿರಿ" ಎಂದ.

ಬಾಯಿ ತೆರೆದೆ. ಅಜ್ಜಿ ಎನ್ನುವುದರ ಹೊರತು ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಅವರ ಕಡೆಗೇ ತಿರುಗಿ, "ಅಜ್ಜಿ, ನಿಮ್ಮ ಹೆಸರು?" ಎಂದೆ.

"ತವರಮನಿದೋ, ಗಂಡನ ಮನಿದೋ?" ಎಂದರು ಅಜ್ಜಿ. ಅಂಕಣ ಒಂದೇ ಇತ್ತು. ಸ್ವಲ್ಪ ಯೋಚಿಸಿ, "ಚಂದ್ರವ್ವ ಅಂತ ಬರಿಸು. ತವರಿನ ಹೆಸರು. ಕರ್ಯಾವ್ರು ಯಾರೂ ಉಳದಿಲ್ಲ, ಕಾಗದದಾಗರೆ ಇರ್ಲಿ" ಎಂದರು.

ಆ ಅರ್ಜಿಗೇ ಠಸ್ಸೆ ಬಿದ್ದು ಅದೇ ಗುರುತಿನ ಪತ್ರವಾಯಿತು, ಖೋಲಿ ಉಳಿಯಿತು. ವಾಪಸು ಬರುವಾಗ ಆಟೋದಲ್ಲಿ ಅಜ್ಜಿ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡುತ್ತಾ, ಕೊನೆಯಲ್ಲಿದ್ದ ನನ್ನ ದಪ್ಪಕ್ಷರಗಳ ಮೇಲೆ ಬೆರಳಿಟ್ಟು, "ಇಲ್ಲಿ ನೀ ಏನ್ ಬರದೀ ಮಾಸ್ತರ?" ಎಂದು ಕೇಳಿದರು.

"ನಿಮ್ಮನ್ನ ಚೆನ್ನಾಗಿ ಬಲ್ಲೆ ಅಂತ" ಎಂದೆ, ಆಟೋದ ಸದ್ದಿನಲ್ಲಿ ಕೇಳಿಸದಿರಲಿ ಎಂದುಕೊಂಡು.

ಕೇಳಿಸಿತು. "ಹೌದಾ? ಛಲೋ ಆತು ಬಿಡು" ಎಂದು ಅಜ್ಜಿ ಕಾಗದ ಮಡಚಿ ಸೆರಗಿನಲ್ಲಿ ಗಂಟು ಹಾಕಿಕೊಂಡರು. "ಒಬ್ಬರಿಗರೆ ಗೊತ್ತಿರ್ಲಿ."