ಉಬ್ಬದ ಹಲಗೆಯ ಉಪದ್ವ್ಯಾಪ

ಗಂಭೀರವಾಗಿ ಕೆಲಸ ಮಾಡುವವನ ಸುತ್ತಲೇ ಇಂಥವೆಲ್ಲ ನಡೆಯುತ್ತವೆ, ನಾನೇನು ಮಾಡಲಿ? ಎರಡು ಸಾವಿರದ ಇಸವಿಯ ಆಸುಪಾಸು. ಮೈಸೂರು ಬಿಟ್ಟು ಚೆನ್ನೈಗೆ ಬಂದು, ಮಾಧವರಂನ ಸಣ್ಣ ಕಾರ್ಖಾನೆಯೊಂದರಲ್ಲಿ ಪರೀಕ್ಷಕನಾಗಿದ್ದೆ. ಮರದ ನಾರಿಗೆ ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡುತ್ತಿದ್ದೆವು. ನೋಡಲು ಲಕ್ಷಣವಾಗಿತ್ತು, ನೀರು ತಾಕಿದರೆ ಮಾತ್ರ ಪೂರಿಯ ಹಾಗೆ ಉಬ್ಬುತ್ತಿತ್ತು. ಅಡುಗೆಮನೆಗೆ ಕಪಾಟು ಮಾಡಿಸಿಕೊಂಡವರೆಲ್ಲ ನಮಗೆ ಹಿಡಿಶಾಪ ಹಾಕುತ್ತಿದ್ದರು.

ಯಜಮಾನರು ನಮ್ಮ ಕಡೆಯವರೇ, ತಲೆಮಾರುಗಳಿಂದ ಚೆನ್ನೈಯಲ್ಲಿದ್ದವರು. ಒಂದು ದಿನ ಕರೆದು ಹೇಳಿದರು: "ನಾರಿಗೆ ಮೇಣ ಬೆರೆಸಿದ್ರೆ ನೀರು ಹಿಡಿಯಲ್ಲವಂತೆ. ಮಾಡಿ ನೋಡಪ್ಪಾ. ಇನ್ನೊಂದು ಹಲಗೆ ಉಬ್ಬಿ ವಾಪಸ್ ಬಂತೋ, ನೀನು ಊರಿನ ಬಸ್ ಹತ್ತು, ಸರಿಯಾ?"

೧. ಬಕೆಟ್ಟು

ಮೇಣದ ಹಲಗೆಯ ತುಂಡನ್ನು ಇಡೀ ದಿನ ನೀರಲ್ಲಿ ಮುಳುಗಿಸಿ ದಪ್ಪ ಅಳೆಯಬೇಕು. ಭಾನುವಾರ ಕಾರ್ಖಾನೆಗೆ ರಜೆ, ನನಗೋ ತಡೆಯಲಾಗಲಿಲ್ಲ. ಮೈಲಾಪೂರಿನ ಮನೆಯಲ್ಲೇ ಬಕೆಟ್ಟಿಗೆ ಹಾಕಿದೆ. ಆ ಬೇಸಿಗೆ ನಮ್ಮ ಬೀದಿಗೆ ಲಾರಿ ನೀರೇ ಗತಿ. ಒಂದು ಬಿಂದಿಗೆಗಾಗಿ ಜಗಳವಾಡಿ ಬಂದ ಹೆಂಡತಿ ಬಕೆಟ್ಟಿನೊಳಗೆ ಇಣುಕಿದಳು.

"ರೀ, ಮನೇಲಿ ಮನುಷ್ಯರಿಗೇ ಸ್ನಾನ ಇಲ್ಲ, ನೀವು ಹಲಗೆಗೆ ಸ್ನಾನ ಮಾಡಿಸ್ತಿದ್ದೀರಾ?"

"ನೀರು ಹೀರುತ್ತಾ ಅಂತ ನೋಡ್ತಿದ್ದೀನಿ ಕಣೇ."

"ಹೀರಿದ್ರೆ ಅಷ್ಟನ್ನೂ ಹಿಂಡಿ ಕೊಟ್ಟು ನಾಳೆ ಕೆಲಸಕ್ಕೆ ಹೋಗಿ!"

೨. ಕೆನೆ

ನೀರಲ್ಲಿ ಕದಡಿದ ಮೇಣ ನೋಡಲು ಥೇಟ್ ಹಾಲು. ಮಾಧವರಂ ಮೊದಲೇ ಡೈರಿಯ ಊರು. ಕ್ಯಾಂಟೀನಿನ ಹೊಸ ಆಯಮ್ಮ ಮೂಲೆಯಲ್ಲಿದ್ದ ಕ್ಯಾನಿನಿಂದ ಒಂದು ಪಾತ್ರೆ ಬಗ್ಗಿಸಿಕೊಂಡು ಕಾಫಿಗೆಂದು ಒಲೆಯ ಮೇಲಿಟ್ಟಿದ್ದಾಳೆ! ವಾಸನೆಗೆ ನಾನೂ ಯಜಮಾನರೂ ಓಡಿದೆವು.

"ಎಷ್ಟು ಕಾಯಿಸಿದ್ರೂ ಉಕ್ತಾನೇ ಇಲ್ಲ ಸಾರ್," ಎಂದು ದೂರಿದಳು. "ಆದ್ರೆ ಕೆನೆ ನೋಡಿ, ಎಷ್ಟು ದಪ್ಪ!"

ನಾನು ತಲೆ ಚಚ್ಚಿಕೊಂಡೆ. ಯಜಮಾನರ ಮುಖ ಅರಳಿತು: "ಸೂಪರ್ ಅಪ್ಪಾ! ಒಲೆ ಮೇಲಿಟ್ರೂ ಮೇಲೇಳಲ್ಲ ಅಂದ್ರೆ, ಹಲಗೇಲಿ ಖಂಡಿತಾ ಏಳಲ್ಲ!"

೩. ಜಾರುಬಂಡೆ

ಆ ಹುಮ್ಮಸ್ಸಿನಲ್ಲಿ ಮೇಣ ದುಪ್ಪಟ್ಟು ಹಾಕಿಸಿದರು. ಹಲಗೆ ಉಬ್ಬಲಿಲ್ಲ ನಿಜ, ಆದರೆ ಅದರ ಮೇಲೆ ಮೈಕಾ ಹಾಳೆಯೂ ಅಂಟಲಿಲ್ಲ. ಬೆಳಿಗ್ಗೆ ಅಂಟಿಸಿದ್ದು ಊಟದ ಹೊತ್ತಿಗೆ ನೆಲದ ಮೇಲೆ ಮಲಗಿತ್ತು.

"ಸಾರ್, ಇದರ ಮೇಲೆ ನೀರೂ ನಿಲ್ಲಲ್ಲ, ಅಂಟೂ ನಿಲ್ಲಲ್ಲ. ಇನ್ನು ನಾನೂ ನಿಲ್ಲಲ್ಲ," ಎಂದ ಬಡಗಿ ಉಳಿ ಎತ್ತಿಕೊಂಡು ಹೊರಟೇಬಿಟ್ಟ.

೪. ಬೀಳದ ಮನೆ

ಮೇಣ ಇಳಿಸುತ್ತಾ ಇಳಿಸುತ್ತಾ ಅಂತೂ ಹದಕ್ಕೆ ತಂದೆ. ಹೊಸ ಹಲಗೆ ಪೇಟೆಗೆ ಹೋದ ಕೆಲವೇ ದಿನಕ್ಕೆ ವಡಪಳನಿಯಿಂದ ನಮ್ಮ ಹಳೆಯ ಗಿರಾಕಿ, ಸಿನಿಮಾ ಸೆಟ್ ಹಾಕುವವನು, ಆಟೋ ಇಳಿದು ನೇರ ಆಫೀಸಿಗೆ ನುಗ್ಗಿದ. ಕೈಯಲ್ಲಿ ಒದ್ದೆ ಹಲಗೆ. ನಾನು ಊರಿನ ಬಸ್ಸಿನ ಹೊತ್ತು ಲೆಕ್ಕ ಹಾಕತೊಡಗಿದೆ.

"ಎನ್ನ ಸಾರ್, ಏನಿದು? ನಿಮ್ಮನ್ನ ನಂಬಿ ಕೆಟ್ಟೆ!" ಎಂದು ಮೇಜು ಗುದ್ದಿದ.

"ಉಬ್ಬಿತಾ?" ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು.

"ಉಬ್ಬಿದ್ರೆ ನಾನ್ಯಾಕೆ ಬರ್ತಿದ್ದೆ? ಪ್ರವಾಹದಲ್ಲಿ ಮನೆ ಕುಸಿಯೋ ಸೀನು. ಟ್ಯಾಂಕರ್ ಮೇಲೆ ಟ್ಯಾಂಕರ್ ನೀರು ಬಿಟ್ಟೆವು. ಅಮ್ಮನ ಪಾತ್ರದವರು 'ಅಯ್ಯೋ, ಮನೆ ಹೋಯ್ತೇ' ಅಂತ ಎದೆ ಬಡ್ಕೊಂಡು ಅಳ್ತಾನೇ ಇದ್ದಾರೆ, ಹಿಂದುಗಡೆ ಮನೆ ಅಲ್ಲಾಡದೆ ನಿಂತಿದೆ! ಹೋದ ಸಲದ ಹಲಗೆ ಎಷ್ಟು ಚೆನ್ನಾಗಿ ಕುಸಿದಿತ್ತು! ಅದಕ್ಕೇ ಅಲ್ವಾ ನಿಮ್ಮ ಹತ್ರಾನೇ ತಗೊಳ್ಳೋದು?"

ಯಜಮಾನರು ನನ್ನ ಬೆನ್ನು ತಟ್ಟಿದರು. ಅವನನ್ನು ಕೂರಿಸಿ ಕಾಫಿ ತರಿಸಿದರು. ಆಮೇಲೆ ಪಕ್ಕದ ಕೋಣೆಯ ಬಾಗಿಲನ್ನು ಅಗಲವಾಗಿ ತೆರೆದು ಬಂದು ಕೈಮುಗಿದರು:

"ಅಣ್ಣಾ, ಇನ್ನೊಂದು ಸಲ ಜೋರಾಗಿ ಬೈಯಿರಿ. ಒಳಗೆ ಡೀಲರುಗಳು ಕೂತಿದ್ದಾರೆ."