ಕಷ್ಟದಲ್ಲಿರುವವರ ಪಟ್ಟಿಯಲ್ಲಿ ನನ್ನ ಹೆಸರು

ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ನಮ್ಮ ಚರ್ಚಿನ ಸಭೆಯ ಭಾನುವಾರದ ಶಾಲೆಯಲ್ಲಿ ಹದಿನೆಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಪುಟ ತಿರುವಿಬಿಡಿ. ನನಗೀಗ ಎರಡು ತಿಂಗಳಿಂದ ಸಿಟ್ಟು ಬಂದಿದೆ, ಇಳಿಯುವ ಲಕ್ಷಣ ಕಾಣುತ್ತಿಲ್ಲ. ಐವತ್ತು ದಾಟಿದ ಮೇಲೆ ಜನ ಏನೇನೋ ಮಾಡುತ್ತಾರೆ. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಗಿಟಾರ್ ಕಲಿಯುತ್ತಿದ್ದಾರೆ, ಗೋಡೆಯ ಈಚೆಗೆ ನಾವದನ್ನು ಸಹಿಸಿಕೊಂಡಿದ್ದೇವೆ. ಅವರನ್ನು ಯಾಕೆ ಎಂದು ಕೇಳಿದವರಿಲ್ಲ. ನಾನು ಸೆಮಿನರಿಗೆ ಸೇರಿ ದೇವಶಾಸ್ತ್ರ ಓದುತ್ತೇನೆ ಎಂದದ್ದೇ ತಡ, ಕಂಡಕಂಡವರೆಲ್ಲ ನನ್ನ ಹಣೆ ಮುಟ್ಟಿ ಜ್ವರ ನೋಡುವವರೇ ಆದರು.

ಇದೇನು ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ಬಂದ ಯೋಚನೆಯಲ್ಲ. ಹೋದ ವರ್ಷ ನಮ್ಮ ರಾಯಚೂರು ಕಡೆಯ ಒಬ್ಬ ಗೌಂಡಿ ಇಲ್ಲಿ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡ. ನಮ್ಮ ಅಯ್ಯನವರು, ಅಂದರೆ ಸಿಕಂದರಾಬಾದಿನ ನಮ್ಮ ಕನ್ನಡ ಸಭೆಯ ಪಾದ್ರಿಗಳು, ಅಂದು ಊರಲ್ಲಿರಲಿಲ್ಲ. ಟೀಚರಮ್ಮ ಇದ್ದಾಳಲ್ಲ ಎಂದು ಜನ ನನ್ನನ್ನೇ ಅಂತ್ಯಕ್ರಿಯೆಗೆ ಕರೆದೊಯ್ದರು. ಪುಸ್ತಕ ನೋಡಿ ಓದಿದೆ, ಬಂದಷ್ಟು ಪ್ರಾರ್ಥನೆ ಮಾಡಿದೆ. ಅವನ ಹೆಂಡತಿ ನನ್ನ ಕೈ ಹಿಡಿದು, "ಅಕ್ಕಾರ, ನಮ್ಮವ್ರು ಈಗ ಏನ್ ಮಾಡಾಕತ್ತಿರಬೇಕ್ರಿ?" ಎಂದು ಕೇಳಿದಳು. ನಾನು ಅಳಬೇಡಮ್ಮ ಎಂದೆ. ಅದೊಂದು ಉತ್ತರವೇ? ಅಂದಿನಿಂದ ಬೇಗಂಪೇಟೆಯ ಕಚೇರಿಯಲ್ಲಿ ವಿಮೆಯ ಫೈಲು ಬಿಡಿಸಿದರೂ ನನಗೆ ಆ ಹೆಣ್ಣುಮಗಳ ಮುಖವೇ ಕಾಣುತ್ತಿತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡೆ, ಸೆಮಿನರಿಯ ಅರ್ಜಿ ತರಿಸಿದೆ.

ಮೊದಲು ಹೇಳಿದ್ದು ಯಜಮಾನರಿಗೆ. ವಾರದಲ್ಲಿ ಐದು ದಿನ ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು ಎಂದೆ. ಅವರು ಬಹಳ ಹೊತ್ತು ಗಂಭೀರವಾಗಿ ಯೋಚಿಸಿದರು. ಇವರೂ ನನ್ನಂತೆಯೇ ಜೀವನ, ಮರಣ ಎಂದೆಲ್ಲ ಯೋಚಿಸುತ್ತಿದ್ದಾರೆ ಎಂದು ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವರು, "ಐದು ದಿನ ರೊಟ್ಟಿ ಯಾರು ಬಡೀತಾರ?" ಎಂದರು. ಇಪ್ಪತ್ತೇಳು ವರ್ಷ ಊಟಕ್ಕೆ ಕೂರುವ ಮುಂಚೆ ಎಲ್ಲವೂ ದೇವರ ಚಿತ್ತದಂತೆ ಆಗಲಿ ಎಂದು ಪ್ರಾರ್ಥಿಸಿದ ಮನುಷ್ಯ ಇವರು. ಅದರಲ್ಲಿ ಜೋಳದ ರೊಟ್ಟಿ ಸೇರಿಲ್ಲ ಎಂದು ನನಗೆ ಮೊದಲೇ ತಿಳಿಸಬಾರದಿತ್ತೇ?

ಅದಾದರೂ ಮನೆಯೊಳಗಿನ ಮಾತು. ಸಭೆಯಲ್ಲಿ ಆದದ್ದು ಕೇಳಿ. ನಮ್ಮಲ್ಲಿ ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕುವ ಪದ್ಧತಿ. ಅಯ್ಯನವರು ಅವುಗಳನ್ನು ವಿಂಗಡಿಸಿ ಓದುತ್ತಾರೆ: ಕಾಯಿಲೆಯವರು, ಕಷ್ಟದಲ್ಲಿರುವವರು, ಕೃತಜ್ಞತೆ ಹೇಳುವವರು. ಸೆಮಿನರಿಗೆ ಸೇರುವ ನನಗಾಗಿ ಪ್ರಾರ್ಥಿಸಿ ಎಂದು ನಾನೂ ಬರೆದು ಹಾಕಿದ್ದೆ. ಐವತ್ತೆರಡು ವರ್ಷದ ಹೆಂಗಸು ಓದಲು ಹೊರಟರೆ ಅದನ್ನು ಸೇರಿಸಲು ಅವರಿಗೆ ನಾಲ್ಕನೆಯ ವಿಂಗಡಣೆ ಹೊಳೆಯಲಿಲ್ಲ. ಕಷ್ಟದಲ್ಲಿರುವವರ ಪಟ್ಟಿಯಲ್ಲಿ, ಮನೆ ಜಪ್ತಿಯಾದವರೊಬ್ಬರ ಮತ್ತು ಸೊಸೆ ಮನೆ ಬಿಟ್ಟು ಹೋದವರೊಬ್ಬರ ನಡುವೆ, ನನ್ನ ಹೆಸರನ್ನು ಓದಿದರು. ಕಾರಣವನ್ನು ಮರ್ಯಾದೆಗಾಗಿ ನುಂಗಿಕೊಂಡರು.

ಇನ್ನು ಕೇಳಬೇಕೇ? ಸಂಜೆಯೊಳಗೆ ಹದಿನಾಲ್ಕು ಜನ ಮೆಟ್ರೋ ಹಿಡಿದು ಮಿಯಾಪುರಕ್ಕೆ ಬಂದಿಳಿದರು, ಕೈಯಲ್ಲಿ ಬ್ರೆಡ್ಡು, ಬಾಳೆಹಣ್ಣು. ಹಿರಿಯರೊಬ್ಬರು ಯಜಮಾನರನ್ನು ಬಾಲ್ಕನಿಗೆ ಕರೆದೊಯ್ದು ಡಾಕ್ಟರು ಏನು ಹೇಳಿದರು ಎಂದು ಪಿಸುಗುಟ್ಟಿದರು. ಇವರಾದರೂ ನಿಜ ಹೇಳಬೇಡವೇ? ಅವಳು ನಿರ್ಧಾರ ಮಾಡಿಬಿಟ್ಟಿದ್ದಾಳೆ, ನಮ್ಮ ಕೈಲಿ ಏನಿದೆ ಎಂದು ನಿಟ್ಟುಸಿರು ಬಿಟ್ಟರಂತೆ. ಒಳಗೆ ಹೆಂಗಸರು ನನ್ನ ಬೆನ್ನು ಸವರಿ ಧೈರ್ಯವಾಗಿರು ಎಂದರು. ನನ್ನ ಕಷ್ಟಕ್ಕೆ ಮರುಗಲು ಬಂದ ಹದಿನಾಲ್ಕು ಜನಕ್ಕೆ ನಾನೇ ಎರಡು ಸಲ ಚಹಾ ಮಾಡಿದೆ. ಬಾಳೆಹಣ್ಣು ಮೂರು ದಿನ ತಿಂದೆವು.

ಅರ್ಜಿಯ ಜೊತೆ ಅಯ್ಯನವರ ಶಿಫಾರಸು ಪತ್ರ ಇರಬೇಕಿತ್ತು. ಸಿಟ್ಟು ನುಂಗಿಕೊಂಡು ಹೋಗಿ ಕೇಳಿದೆ. ಸಂತೋಷದಿಂದ ಬರೆದುಕೊಟ್ಟರು, ಪಾಪ, ಒಳ್ಳೆಯವರೇ. ಮನೆಗೆ ಬಂದು ಓದಿದರೆ, ಇವರು ಸಭೆಯ ಕ್ರಿಸ್ಮಸ್ ಊಟದ ಉಸ್ತುವಾರಿಯನ್ನು ಅಚ್ಚುಕಟ್ಟಾಗಿ ನೋಡಿಕೊಂಡಿದ್ದಾರೆ, ಇವರ ಬಿರಿಯಾನಿ ಒಮ್ಮೆಯೂ ತಳ ಹಿಡಿದಿಲ್ಲ, ಸೆಮಿನರಿಗೆ ಇವರಿಂದ ಬಹಳ ಉಪಯೋಗವಾದೀತು ಎಂದಿತ್ತು. ಹದಿನೆಂಟು ವರ್ಷ ನಾನು ಕಲಿಸಿದ ಮಕ್ಕಳ ಸುದ್ದಿಯೇ ಇಲ್ಲ. ಇದನ್ನೋದಿದ ಪ್ರಾಂಶುಪಾಲರು ನನ್ನನ್ನು ತರಗತಿಗೆ ಕಳಿಸುತ್ತಾರೋ ಹಾಸ್ಟೆಲಿನ ಅಡುಗೆಮನೆಗೋ ನೀವೇ ಹೇಳಿ.

ಇನ್ನು ಉಳಿದದ್ದು ನನ್ನ ಸಾಕ್ಷಿ. ದೇವರ ಕರೆ ತನಗೆ ಹೇಗೆ ಬಂತು ಎಂದು ಅರ್ಜಿದಾರರು ಮೂರು ಪುಟ ಮೀರದಂತೆ ಬರೆಯಬೇಕು. ಶನಿವಾರ ಕೊನೆಯ ದಿನ, ಸಾಕ್ಷಿಯಿಲ್ಲದ ಅರ್ಜಿ ಕಸದ ಬುಟ್ಟಿಗೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬರೆಯಲು ಕೂತೆ. ಪೆನ್ನು ನಿಲ್ಲಲೇ ಇಲ್ಲ. ಮೂರು ಪುಟ ಒಂದೇ ಉಸಿರಿಗೆ ಮುಗಿದವು. ಇಷ್ಟು ಚೆನ್ನಾಗಿ ನಾನೆಂದೂ ಬರೆದಿರಲಿಲ್ಲ.

ಯಾರಿಗಾದರೂ ಓದಿ ಹೇಳಬೇಕೆನ್ನಿಸಿತು. ಯಾಕೆ ಎಂದು ನನ್ನನ್ನು ಕೇಳದವರು ಮನೆಯಲ್ಲಿ ಅತ್ತೆ ಒಬ್ಬರೇ. ಎಂಬತ್ತು ದಾಟಿದ ಜೀವ, ಅಕ್ಷರ ಬಾರದು, ಕೀರ್ತನೆಗಳೆಲ್ಲ ಬಾಯಿಪಾಠ. ಸೆಮಿನರಿಗೆ ಬರೆದದ್ದು, ಕೇಳಿ ಎಂದೆ. ಅತ್ತೆ ಕಾಲು ಮಡಚಿ ಕೂತು, ತಲೆಗೆ ಸೆರಗು ಹೊದ್ದು, ಕೈಮುಗಿದು ಕಣ್ಣು ಮುಚ್ಚಿಕೊಂಡರು. ನಾನು ಏರಿಳಿತ ಕೊಟ್ಟು ಓದಿದೆ. ಮೊದಲ ಪುಟದಲ್ಲಿ ಯಜಮಾನರು, ಎರಡನೆಯದರಲ್ಲಿ ಚೀಟಿ ಮತ್ತು ಹದಿನಾಲ್ಕು ಜನ, ಮೂರನೆಯದರಲ್ಲಿ ಶಿಫಾರಸು ಪತ್ರ. ಓದಿ ಮುಗಿಸಿದರೂ ಅತ್ತೆ ಕಣ್ಣು ಬಿಡಲಿಲ್ಲ.

"ಮುಗೀತ್ರಿ ಅತ್ತಿ," ಎಂದೆ.

"ಎಲ್ಲಿ ಮುಗೀತವ್ವಾ, ದೇವರು ಇನ್ನಾ ಬಂದೇ ಇಲ್ಲಲ್ಲ," ಎಂದರು. "ಬರೂತನಕಾ ಓದು. ನಾ ಕುಂತಿರ್ತೀನಿ."

ಹಾಳೆಗಳನ್ನು ಹಿಂದೆ ಮುಂದೆ ತಿರುವಿದೆ. ಉಳಿದವರೆಲ್ಲ ಇದ್ದರು. ಗಿಟಾರಿನವರಿಗೂ ನಾಲ್ಕು ಸಾಲು ಸಿಕ್ಕಿತ್ತು. ಅತ್ತೆಯ ಮೇಲೂ ಸಿಟ್ಟು ಬಂತು, ಆದರೆ ಅದನ್ನು ಬರೆಯಲು ಮೂರನೇ ಪುಟದಲ್ಲಿ ಜಾಗವಿರಲಿಲ್ಲ. ಅತ್ತೆ ಇನ್ನೂ ಕೈಮುಗಿದೇ ಕೂತಿದ್ದರು. ಹೊಸ ಹಾಳೆ ತೆಗೆದುಕೊಂಡು, ಆ ಗೌಂಡಿಯ ಹೆಂಡತಿ ಕೇಳಿದ ಪ್ರಶ್ನೆಯ ಬಗ್ಗೆ ಅರ್ಧ ಪುಟ ಬರೆದೆ. ಅರ್ಜಿ ಶನಿವಾರ ಆ ಅರ್ಧ ಪುಟದೊಂದಿಗೇ ಹೋಯಿತು. ನಾನೇಕೆ ಸೆಮಿನರಿಗೆ ಹೋಗಬೇಕು ಎಂದು ಎರಡು ತಿಂಗಳಿಂದ ಕೇಳಿದವರಿಗೆಲ್ಲ ಈಗ ನನ್ನ ಬಳಿ ಉತ್ತರವಿದೆ: ದೇವರ ಕರೆಯ ಬಗ್ಗೆ ಬರೆ ಎಂದರೆ ಮೂರು ಪುಟ ಜಗಳ ಬರೆಯುವವಳು ಅಲ್ಲಿಗೆ ಹೋಗದೆ ಇನ್ಯಾರು ಹೋಗಬೇಕು?